ಉದ್ದೀಪನ ಮದ್ದು: ಬಾಟಲಿಗೆ ಗೊತ್ತಿರುವುದೆಷ್ಟು?

'ಉದ್ದೀಪನ' ಅನ್ನೋ ಪದ ನಮ್ಮ ಪತ್ರಿಕೆಗಳ ಕ್ರೀಡಾಪುಟಕ್ಕೆ ಹೇಗೆ ಬಂತೋ, ಬಂದವರಿಗೆ ಒಂದು ಸಲಾಂ ಹೇಳಬೇಕು. ಕಾವ್ಯಮೀಮಾಂಸೆ ಓದಿದವರಿಗೆ ಉದ್ದೀಪನ ವಿಭಾವ ನೆನಪಿರುತ್ತೆ. ಬೆಳದಿಂಗಳು, ಉದ್ಯಾನ, ಕೋಗಿಲೆಯ ದನಿ... ಒಳಗೆ ಆಗಲೇ ಇರುವ ಭಾವವನ್ನು ಹೊತ್ತಿಸುವಂಥವು. ಅದೇ ಪದ ಈಗ 'ಮದ್ದು' ಜೊತೆ ಸೇರಿಕೊಂಡು ಓಟಗಾರರ ಹೆಸರಿನ ಪಕ್ಕ ಕೂರುತ್ತದೆ. ಇಂಗ್ಲಿಷಿನ 'ಡೋಪ್'ಗೆ ಇಷ್ಟು ಚಂದದ ಹಿನ್ನೆಲೆ ಇಲ್ಲ ಬಿಡಿ. ಡಚ್ ಭಾಷೆಯ ಒಂದು ಪದದಿಂದ ಬಂದದ್ದಂತೆ, ಅರ್ಥ ಅದ್ದಿಕೊಂಡು ತಿನ್ನುವ ಸಾರು, ಗೊಜ್ಜು!

ನಾನು ಓಡಾಡುವ ದಾರಿ ಮೈಸೂರು ರಸ್ತೆ. ವಿಜಯನಗರದಿಂದ ಕೆಂಗೇರಿ ಕಡೆ ಹೋಗುವಾಗ, ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣದ ಹತ್ತಿರ, ಭಾರತೀಯ ಕ್ರೀಡಾ ಪ್ರಾಧಿಕಾರದ ದಕ್ಷಿಣ ಕೇಂದ್ರ ಸಿಗುತ್ತದೆ. ಎಲ್ಲರ ಬಾಯಲ್ಲೂ ಅದು 'ಸಾಯ್'. ದೇಶದ ಹಾಕಿ ತಂಡಗಳ ಶಿಬಿರ ನಡೆಯುವುದು ಇಲ್ಲೇ. ಇಲ್ಲಿ ತರಬೇತಿ ಪಡೆಯುವವರ ರಕ್ತ, ಮೂತ್ರ ಯಾವಾಗ ಬೇಕಾದರೂ ಪರೀಕ್ಷೆಗೆ ಹೋಗಬಹುದು. ಇದೇ ದಾರಿಯ ಆಚೀಚೆ ವಿಜಯನಗರ, ರಾಜಾಜಿನಗರ, ಬಸವೇಶ್ವರನಗರಗಳಲ್ಲಿ ಜಿಮ್ಮುಗಳು, ಅವುಗಳ ಪಕ್ಕ ದೊಡ್ಡ ದೊಡ್ಡ ಡಬ್ಬಿಗಳನ್ನು ಗಾಜಿನ ಹಿಂದೆ ಜೋಡಿಸಿಟ್ಟ ಪ್ರೋಟೀನ್ ಪೌಡರ್ ಅಂಗಡಿಗಳು. ಒಂದು ಕಡೆ ಪರೀಕ್ಷೆ, ಇನ್ನೊಂದು ಕಡೆ ಡಬ್ಬಿ. ಎರಡರ ನಡುವೆ ಸಿಕ್ಕಿಕೊಳ್ಳುವವರು ಹದಿನೆಂಟು, ಇಪ್ಪತ್ತರ ಹುಡುಗ ಹುಡುಗಿಯರು. ಈ ಬರಹ ಆ ಪರೀಕ್ಷೆಯ ಚರಿತ್ರೆ. ಅದು ಎಷ್ಟು ಹೇಳಬಲ್ಲದು, ಎಲ್ಲಿ ಬಾಯಿ ಮುಚ್ಚಿಕೊಳ್ಳುತ್ತದೆ ಅನ್ನೋದು ನನ್ನ ಪ್ರಶ್ನೆ.

ಮೊದಲು ಕುದುರೆ, ಆಮೇಲೆ ಮನುಷ್ಯ

ಮದ್ದಿನ ಪರೀಕ್ಷೆ ಶುರುವಾದದ್ದು ಮನುಷ್ಯರಿಂದಲ್ಲ, ಕುದುರೆಗಳಿಂದ. ಕಾರಣ ಸುಲಭ, ಬಾಜಿ ಕಟ್ಟಿದವರ ದುಡ್ಡು! 1910ರ ಸುಮಾರಿಗೆ ಆಸ್ಟ್ರಿಯಾದ ರೇಸ್ ಕ್ಲಬ್ಬಿನವರು ಬುಕೋವ್ಸ್ಕಿ ಎಂಬ ರಷ್ಯನ್ ರಸಾಯನಶಾಸ್ತ್ರಜ್ಞನನ್ನು ಕರೆಸಿದರು. ಆತ ಕುದುರೆಯ ಜೊಲ್ಲಿನಲ್ಲಿ ಕ್ಷಾರಾಭಗಳನ್ನು, ಅಂದರೆ ಕೊಕೇನ್, ಮಾರ್ಫೀನ್ ಥರದ ವಸ್ತುಗಳನ್ನು ಪತ್ತೆ ಹಚ್ಚಿದ. ವಿಧಾನ ಏನು ಅಂತ ಕೇಳಿದರೆ ಹೇಳಲಿಲ್ಲವಂತೆ. ಆಮೇಲೆ ವಿಯೆನ್ನಾದ ಫ್ರೆಂಕೆಲ್ ಎಂಬಾತ ತನ್ನದೇ ವಿಧಾನ ರೂಪಿಸಿದ. ಹೀಗೆ ಕುದುರೆಗಳು ನಮಗಿಂತ ಅರ್ಧ ಶತಮಾನ ಮೊದಲೇ ಪರೀಕ್ಷೆಗೆ ಒಳಗಾದವು.

ಮನುಷ್ಯರ ಸರದಿ ಬರಲು ಸಾವುಗಳೇ ಆಗಬೇಕಾಯಿತು. 1960ರ ರೋಮ್ ಒಲಿಂಪಿಕ್ಸಿನಲ್ಲಿ ಡೆನ್ಮಾರ್ಕಿನ ಸೈಕ್ಲಿಸ್ಟ್ ನುಡ್ ಎನೆಮಾರ್ಕ್ ಯೆನ್ಸನ್ ರೇಸಿನ ನಡುವೆ ಬಿದ್ದು ತೀರಿಕೊಂಡ. ಬಿಸಿಲೋ ಮದ್ದೋ ಅನ್ನೋ ಚರ್ಚೆ ಇನ್ನೂ ಮುಗಿದಿಲ್ಲ. 1967ರಲ್ಲಿ ಟೂರ್ ದ ಫ್ರಾನ್ಸ್ ನಡೆಯುತ್ತಿರುವಾಗ ಬ್ರಿಟನ್ನಿನ ಟಾಮ್ ಸಿಂಪ್ಸನ್ ಮೋಂ ವೆಂತೂ ಬೆಟ್ಟದ ಏರಿನಲ್ಲಿ ಕುಸಿದು ಸತ್ತ. ಅವನ ದೇಹದಲ್ಲಿ ಆಂಫೆಟಮಿನ್ ಸಿಕ್ಕಿತು. ಮರುವರ್ಷ, 1968ರ ಮೆಕ್ಸಿಕೊ ಒಲಿಂಪಿಕ್ಸಿನಲ್ಲಿ ಸಿಕ್ಕಿಬಿದ್ದ ಮೊದಲಿಗ ಯಾರು ಗೊತ್ತೆ? ಸ್ವೀಡನ್ನಿನ ಲಿಲ್ಜೆನ್‌ವಾಲ್ ಎಂಬ ಪೆಂಟಾಥ್ಲಾನ್ ಆಟಗಾರ. ಅವನಲ್ಲಿ ಸಿಕ್ಕಿದ್ದು ಮದ್ಯಸಾರ. ಪಿಸ್ತೂಲು ಹಿಡಿಯುವ ಮೊದಲು ಕೈ ನಡುಗದಿರಲಿ ಅಂತ ಎರಡು ಬಿಯರ್ ಕುಡಿದೆ ಅಂದನಂತೆ! ತಂಡದ ಕಂಚು ವಾಪಸ್ ಹೋಯಿತು.

ಸ್ಟೆರಾಯ್ಡುಗಳದ್ದು ಬೇರೆಯೇ ಕತೆ. ಸಿಬಾ ಕಂಪನಿ 1958ರಲ್ಲಿ ಡಯನಾಬಾಲ್ ಅನ್ನೋ ಹೆಸರಿನಲ್ಲಿ ಮಾರುಕಟ್ಟೆಗೆ ತಂದ ಮೆಥಾಂಡಿನೋನ್ ಬೇಗ ವೇಟ್‌ಲಿಫ್ಟರುಗಳ ಕೈ ಸೇರಿತು. ಈ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ನಮ್ಮ ಕತೆಗೆ ಬರುತ್ತದೆ. ಅದನ್ನು ಹಿಡಿಯುವ ದಾರಿ ಮಾತ್ರ ಬಹಳ ವರ್ಷ ಇರಲಿಲ್ಲ. ಲಂಡನ್ನಿನ ರೇಮಂಡ್ ಬ್ರೂಕ್ಸ್ 1970ರ ದಶಕದ ಮೊದಲರ್ಧದಲ್ಲಿ ಒಂದು ವಿಧಾನ ಕಂಡುಹಿಡಿದ ಮೇಲೆ, 1976ರ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ ಮೊದಲ ಬಾರಿಗೆ ಸ್ಟೆರಾಯ್ಡ್ ಪರೀಕ್ಷೆ ನಡೆಯಿತು.

ಗಸಗಸೆ ಪಾಯಸದ ಪಾಠ

ಇಲ್ಲಿ ಸ್ವಲ್ಪ ನಿಂತು ಪರೀಕ್ಷೆ ಹೇಗೆ ಕೆಲಸ ಮಾಡುತ್ತೆ ಅಂತ ನೋಡೋಣ. ಎರಡು ಹಂತ ಇರುತ್ತವೆ. ಮೊದಲನೆಯದು ಜರಡಿ ಹಿಡಿಯುವುದು, ಎರಡನೆಯದು ಸಾಬೀತು ಮಾಡುವುದು.

ಜರಡಿಗೆ ಸಮಾಜದಲ್ಲಿ ಹೆಚ್ಚು ಬಳಕೆಯಾಗುವುದು ಬೀಗ-ಕೀಲಿ ತಂತ್ರ. ಒಂದು ಮದ್ದಿಗೆ ಅಂಟಿಕೊಳ್ಳುವ ಪ್ರತಿಕಾಯವನ್ನು ತಯಾರಿಸಿ ಮೂತ್ರದ ಜೊತೆ ಬೆರೆಸುತ್ತಾರೆ. ಕೀಲಿ ಕೂತರೆ 'ಇದೆ'. ಅಗ್ಗ, ಬೇಗ ಆಗುತ್ತೆ, ಸಾವಿರಾರು ಜನಕ್ಕೆ ಮಾಡಬಹುದು. 1971ರಲ್ಲಿ ವಿಯೆಟ್ನಾಮಿನಿಂದ ಮನೆಗೆ ಹೊರಟ ಅಮೆರಿಕನ್ ಸೈನಿಕರು ಹೆರಾಯಿನ್ ಪರೀಕ್ಷೆ ಪಾಸಾಗದೆ ವಿಮಾನ ಹತ್ತುವಂತಿಲ್ಲ ಅಂತ ಆದದ್ದೇ ಇಂಥ ದೊಡ್ಡ ಪ್ರಮಾಣದ ಜರಡಿಯ ಆರಂಭ. 1986ರಲ್ಲಿ ರೇಗನ್ ತಮ್ಮ ಸರಕಾರದ ನೌಕರರಿಗೂ ಅದನ್ನು ತಂದರು. ಅಲ್ಲಿನ ಕಂಪನಿಗಳಲ್ಲಿ ಕೆಲಸಕ್ಕೆ ಸೇರಿದ ನಮ್ಮ ಕನ್ನಡದ ಹುಡುಗರಿಗೂ ಈ ಕಪ್ಪಿನ ಪರಿಚಯ ಇದ್ದೇ ಇರುತ್ತೆ.

ತೊಂದರೆ ಏನಂದರೆ, ಬೀಗಕ್ಕೆ ಬೇರೆ ಕೀಲಿಗಳೂ ಕೂರುತ್ತವೆ. ಕೆಲವೊಮ್ಮೆ ಕೀಲಿ ಸರಿಯಾದದ್ದೇ ಇದ್ದರೂ ಬಂದ ದಾರಿ ಬೇರೆ. ನಮ್ಮ ಗಸಗಸೆ ಪಾಯಸವನ್ನೇ ತಗೊಳ್ಳಿ. ಗಸಗಸೆ ಅಫೀಮಿನ ಗಿಡದ್ದೇ ಬೀಜ. ಅದರ ಮೇಲೆ ಅಂಟಿಕೊಂಡ ಒಂದಿಷ್ಟು ಮಾರ್ಫೀನ್ ತಿಂದವರ ಮೂತ್ರದಲ್ಲಿ ನಿಜವಾಗಿಯೂ ಕಾಣಿಸುತ್ತದೆ. ಹಬ್ಬದ ಊಟ ಮಾಡಿದವರೂ ಹೆರಾಯಿನ್ ಚುಚ್ಚಿಕೊಂಡವರೂ ಒಂದೇ ಜರಡಿಯಲ್ಲಿ ಉಳಿದುಬಿಡುತ್ತಾರೆ! ಇದು ತಮಾಷೆ ಅಲ್ಲ. ಅಮೆರಿಕದ ಸರಕಾರಿ ಪರೀಕ್ಷೆಯಲ್ಲಿ ಈ ಗೆರೆ ಮೊದಲು ಒಂದು ಮಿಲಿಲೀಟರಿಗೆ 300 ನ್ಯಾನೊಗ್ರಾಂ ಇತ್ತು. ಗಸಗಸೆ ತಿಂದವರೂ ಸಿಕ್ಕಿಬೀಳುತ್ತಾರೆ ಅಂತ 1998ರಲ್ಲಿ ಅದನ್ನು 2000ಕ್ಕೆ ಏರಿಸಿದರು. ಪಾಯಸ ಅಥವಾ ಅವರ ಕಡೆಯ ಬನ್ನು, ಕಾನೂನಿನ ಅಂಕೆಯನ್ನೇ ಬದಲಿಸಿತು ಅನ್ನಿ.

ಎರಡನೇ ಹಂತ ಹೆಚ್ಚು ಬಿಗಿ. ಅದಕ್ಕೆ ಗ್ಯಾಸ್ ಕ್ರೊಮಟೋಗ್ರಫಿ, ಮಾಸ್ ಸ್ಪೆಕ್ಟ್ರೋಮೀಟರ್ ಅಂತ ಜೋಡಿ ಯಂತ್ರ. ಹೆಸರು ಕೇಳಿ ಹೆದರಬೇಡಿ. ಇದು ಅಣುಗಳ ಓಟದ ಸ್ಪರ್ಧೆ. ಕೂದಲೆಳೆಯಷ್ಟು ಸಣ್ಣ ತೂತಿನ, ಹತ್ತಾರು ಮೀಟರ್ ಉದ್ದದ ಕೊಳವೆಯನ್ನು ಸುರುಳಿ ಸುತ್ತಿ ಬಿಸಿ ಮಾಡಿರುತ್ತಾರೆ. ಮೂತ್ರದಿಂದ ಬೇರ್ಪಡಿಸಿದ ವಸ್ತುಗಳನ್ನೆಲ್ಲ ಆವಿಯಾಗಿಸಿ ಒಳಗೆ ಬಿಟ್ಟರೆ, ಒಂದೊಂದು ಅಣುವೂ ತನ್ನದೇ ವೇಗದಲ್ಲಿ ಓಡಿ ತನ್ನದೇ ಸಮಯಕ್ಕೆ ಕೊನೆ ಮುಟ್ಟುತ್ತದೆ. ಮುಟ್ಟಿದ ತಕ್ಷಣ ಎರಡನೇ ಯಂತ್ರ ಅದನ್ನು ಒಡೆದು ಚೂರುಗಳನ್ನು ತೂಗುತ್ತದೆ. ಚೂರುಗಳ ವಿನ್ಯಾಸ ಬೆರಳಚ್ಚಿನ ಹಾಗೆ. ಓಟದ ಸಮಯವೂ ಬೆರಳಚ್ಚೂ ಎರಡೂ ಹೊಂದಿದರೆ ಆ ವಸ್ತು ಅದೇ, ಅನುಮಾನವಿಲ್ಲ.

ಈ ಯಂತ್ರವನ್ನು ಕ್ರೀಡೆಯಲ್ಲಿ ಪಳಗಿಸಿದವರು ಜರ್ಮನಿಯ ಕಲೋನ್ ನಗರದ ಮಾನ್‌ಫ್ರೆಡ್ ಡೊನಿಕೆ. ಸ್ವತಃ ಟೂರ್ ದ ಫ್ರಾನ್ಸ್ ತುಳಿದ ಸೈಕ್ಲಿಸ್ಟ್ ಅವರು. 1983ರಲ್ಲಿ ಕರಾಕಸ್ಸಿನ ಪ್ಯಾನ್ ಅಮೆರಿಕನ್ ಕ್ರೀಡಾಕೂಟಕ್ಕೆ ಅವರ ಯಂತ್ರ ಬಂದಿದೆ ಅಂತ ಸುದ್ದಿಯಾದದ್ದೇ ತಡ, ಹಲವು ಅಮೆರಿಕನ್ ಅಥ್ಲೀಟುಗಳು ಸ್ಪರ್ಧಿಸದೇ ಮನೆಗೆ ವಿಮಾನ ಹತ್ತಿದರು! 1988ರ ಸೋಲ್‌ನಲ್ಲಿ 9.79 ಸೆಕೆಂಡಿನಲ್ಲಿ ನೂರು ಮೀಟರ್ ಓಡಿದ ಬೆನ್ ಜಾನ್ಸನ್ ಸಿಕ್ಕಿಬಿದ್ದದ್ದೂ ಇಂಥ ಪರೀಕ್ಷೆಯಲ್ಲೇ, ಸ್ಟೆನೊಜೊಲಾಲ್ ಎಂಬ ಸ್ಟೆರಾಯ್ಡಿಗೆ.

ಮೂತ್ರ ಸಾಮಾನ್ಯವಾಗಿ ಕೆಲವು ದಿನಗಳ, ಕೆಲವು ವಾರಗಳ ಡೈರಿ. ಕೂದಲು ತಿಂಗಳುಗಳ ಡೈರಿ, ಯಾಕಂದರೆ ಅದು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತೆ, ರಕ್ತದಲ್ಲಿದ್ದದ್ದು ಒಳಗೇ ಉಳಿಯುತ್ತೆ. 2020ರಲ್ಲಿ ಕನ್ನಡ ಚಿತ್ರರಂಗದ ಡ್ರಗ್ಸ್ ಪ್ರಕರಣ ಎದ್ದಾಗ ಕೂದಲು ಹೈದರಾಬಾದಿನ ಪ್ರಯೋಗಾಲಯಕ್ಕೆ ಹೋಯಿತು, ಟೀವಿ ಚಾನೆಲ್ಲುಗಳು ರಾತ್ರಿಯಿಡೀ ನಮಗೆಲ್ಲ ಪಾಠ ಮಾಡಿದವು. ಒಂದು ಮಾತನ್ನು ಮಾತ್ರ ಯಾರೂ ಬಿಡಿಸಿ ಹೇಳಲಿಲ್ಲ. ಕೂದಲಾಗಲಿ ಮೂತ್ರವಾಗಲಿ 'ಇತ್ತು' ಅಂತ ಹೇಳಬಹುದು. ಯಾರು ತಂದರು, ಯಾರು ಮಾರಿದರು ಅನ್ನೋದು ಅದರಲ್ಲಿ ಬರೆದಿರುವುದಿಲ್ಲ.

ಸಿದ್ದಾಪುರದ ಹುಡುಗಿ

ಈಗ ನಮ್ಮವರ ಕತೆಗೆ ಬರೋಣ. ಕುಂದಾಪುರ ತಾಲೂಕಿನ ಸಿದ್ದಾಪುರ ಕಡೆಯ ಕೃಷಿಕ ಮನೆತನದ ಅಶ್ವಿನಿ ಅಕ್ಕುಂಜೆ 2010ರಲ್ಲಿ ಏನು ಮಾಡಿದರು ಅಂತ ನೆನಪಿದೆಯಲ್ಲ? ಅಕ್ಟೋಬರಿನಲ್ಲಿ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದ 4x400 ರಿಲೇ ಚಿನ್ನ. ನವೆಂಬರಿನಲ್ಲಿ ಗುವಾಂಗ್‌ಜೌ ಏಷ್ಯನ್ ಗೇಮ್ಸಿನಲ್ಲಿ 400 ಮೀಟರ್ ಹರ್ಡಲ್ಸ್ 56.15 ಸೆಕೆಂಡಿಗೆ ಮುಗಿಸಿ ಚಿನ್ನ, ಜೊತೆಗೆ ಮತ್ತೆ ರಿಲೇ ಚಿನ್ನ. ಎರಡು ತಿಂಗಳೊಳಗೆ ಮೂರು! ಕರಾವಳಿಯವರಿಗಷ್ಟೇ ಅಲ್ಲ, ಕರ್ನಾಟಕಕ್ಕೆಲ್ಲ ಹಬ್ಬ. ಸ್ಕೂಲಿನ ಮೈದಾನಗಳಲ್ಲಿ ಹುಡುಗಿಯರು ಹರ್ಡಲ್ ಹಾರಲು ಹೊರಟ ವರ್ಷ ಅದು.

2011ರ ಜೂನ್ ಕೊನೆಯಿಂದ ಜುಲೈ ಮೊದಲ ವಾರದೊಳಗೆ ಎಲ್ಲ ಕುಸಿಯಿತು. ರಿಲೇ ತಂಡದ ಸುತ್ತ ಇದ್ದ ಆರು ಓಟಗಾರ್ತಿಯರು, ಮಂದೀಪ್ ಕೌರ್, ಸಿನಿ ಜೋಸ್, ಜೌನಾ ಮುರ್ಮು, ಟಿಯಾನಾ ಮೇರಿ ಥಾಮಸ್, ಪ್ರಿಯಾಂಕಾ ಪನ್ವಾರ್ ಮತ್ತು ನಮ್ಮ ಅಶ್ವಿನಿ, ಸ್ಟೆರಾಯ್ಡ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಈ ಸುದ್ದಿಯಲ್ಲಿ ಮತ್ತೆ ಮತ್ತೆ ಬಂದ ಹೆಸರು ಅದೇ ಹಳೇ ಮೆಥಾಂಡಿನೋನ್. ಕೆಲವರ ಸ್ಯಾಂಪಲ್ ತೆಗೆದದ್ದು ಪಟಿಯಾಲದ ಶಿಬಿರದಲ್ಲಿ, ಕೆಲವರದ್ದು ನಮ್ಮ ಕಂಠೀರವ ಕ್ರೀಡಾಂಗಣದಲ್ಲಿ ಜೂನಿನಲ್ಲಿ ನಡೆದ ಅಂತರರಾಜ್ಯ ಕೂಟದಲ್ಲಿ. ಕ್ರೀಡಾ ಸಚಿವರಾಗಿದ್ದ ಅಜಯ್ ಮಾಕನ್ ಉಕ್ರೇನಿನ ಕೋಚ್ ಯೂರಿ ಒಗೊರೊಡ್ನಿಕ್ ಅವರನ್ನು ಕೆಲಸದಿಂದ ತೆಗೆದರು. ನಿವೃತ್ತ ನ್ಯಾಯಮೂರ್ತಿ ಮುಕುಲ್ ಮುದ್ಗಲ್ ಅವರ ಸಮಿತಿ ರಚನೆಯಾಯಿತು.

ಓಟಗಾರ್ತಿಯರು ಹೇಳಿದ್ದು ಒಂದೇ. ಕೋಚ್ ಚೀನಾದಿಂದ ತಂದುಕೊಟ್ಟ ಜಿನ್‌ಸೆಂಗ್ ತಿಂದೆವು, ಮದ್ದು ಅದರಲ್ಲೇ ಇತ್ತು, ನಮಗೆ ಗೊತ್ತಿರಲಿಲ್ಲ. ಡಿಸೆಂಬರ್ 2011ರಲ್ಲಿ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಘಟಕದ, ಅಂದರೆ ನಾಡಾದ, ಶಿಸ್ತು ಮಂಡಳಿ ಈ ಮಾತಿಗೆ ಅರ್ಧ ಕಿವಿಗೊಟ್ಟು ಒಂದು ವರ್ಷದ ನಿಷೇಧ ಹಾಕಿತು. ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಒಕ್ಕೂಟ ಮೇಲ್ಮನವಿ ಹೋಯಿತು. ಸ್ವಿಟ್ಜರ್ಲೆಂಡಿನ ಲೂಸಾನಿನ ಕ್ರೀಡಾ ನ್ಯಾಯಮಂಡಳಿ ಜುಲೈ 2012ರಲ್ಲಿ ಅದನ್ನು ಎರಡು ವರ್ಷಕ್ಕೆ ಏರಿಸಿತು. ಲಂಡನ್ ಒಲಿಂಪಿಕ್ಸ್ ಟೀವಿಯಲ್ಲೇ ನೋಡಬೇಕಾಯಿತು.

ಇಲ್ಲೊಂದು ತತ್ವ ಇದೆ, ಇಡೀ ವಿಷಯದ ಬೇರು ಅದು. ಅದರ ಪ್ರಕಾರ ನಿನ್ನ ದೇಹದಲ್ಲಿ ಸಿಕ್ಕಿದ್ದಕ್ಕೆ ನೀನೇ ಹೊಣೆ. ಬೇಕೆಂದು ತಿಂದೆಯೋ, ಮೋಸಹೋದೆಯೋ ಅನ್ನೋದು ಶಿಕ್ಷೆಯ ಅಳತೆಗೆ ಮಾತ್ರ ಬರುತ್ತೆ, ತಪ್ಪು ಆಯಿತೇ ಇಲ್ಲವೇ ಅನ್ನೋದಕ್ಕಲ್ಲ. ಶಿಕ್ಷೆ ಕಡಿಮೆಯಾಗಬೇಕಾದರೆ ಹೇಗೆ ಒಳಗೆ ಬಂತು, ನಾನೆಷ್ಟು ಎಚ್ಚರ ವಹಿಸಿದ್ದೆ ಅಂತ ಓಟಗಾರರೇ ತೋರಿಸಬೇಕು. ಪೊಲೀಸ್ ಕೇಸಿನಲ್ಲಿ ಸಾಬೀತು ಮಾಡುವ ಹೊರೆ ಸರಕಾರದ್ದು, ಇಲ್ಲಿ ಉಲ್ಟಾ.

ಇದು ಅನ್ಯಾಯ ಅಂತ ಒಂದೇ ಏಟಿಗೆ ಹೇಳಿಬಿಡಬಹುದು. ಆದರೆ ಇನ್ನೊಂದು ಕಡೆಯಿಂದಲೂ ನೋಡಿ. ಮೆಥಾಂಡಿನೋನ್ ದೇಹ ತಾನಾಗಿ ತಯಾರಿಸುವ ವಸ್ತು ಅಲ್ಲ, ಹೊರಗಿನಿಂದಲೇ ಬರಬೇಕು. 'ಗೊತ್ತಿರಲಿಲ್ಲ' ಅನ್ನೋದೇ ಸಾಕಾಗಿದ್ದರೆ ಬೆನ್ ಜಾನ್ಸನ್ ಸಮೇತ ಎಲ್ಲರೂ ಅದನ್ನೇ ಹೇಳಿ ಪದಕ ಉಳಿಸಿಕೊಳ್ಳುತ್ತಿದ್ದರು. ಏನೂ ತಿನ್ನದೇ ಆ ಓಟದಲ್ಲಿ ನಾಲ್ಕನೆಯವಳಾದ ಹುಡುಗಿಗೆ ನ್ಯಾಯ ಬೇಡವೇ? ಅವಳ ಹೆಸರು ಯಾವ ಪತ್ರಿಕೆಯಲ್ಲೂ ಬರುವುದಿಲ್ಲ.

ಅಷ್ಟಾದರೂ ನನಗೆ ಚುಚ್ಚುವುದು ಬೇರೆ. ಶಿಬಿರದಲ್ಲಿರುವ ಹುಡುಗಿ ಊಟ, ನಿದ್ದೆ, ಓಟ ಎಲ್ಲದಕ್ಕೂ ಕೋಚ್ ಮಾತು ಕೇಳಬೇಕು. ಕೇಳದಿದ್ದರೆ ತಂಡದಲ್ಲಿ ಜಾಗ ಇಲ್ಲ. ಆದರೆ ಕೋಚ್ ಕೊಟ್ಟ ಡಬ್ಬಿಯ ವಿಷಯದಲ್ಲಿ ಮಾತ್ರ ಅವಳು ಅವನನ್ನು ನಂಬದೆ, ಪ್ರಯೋಗಾಲಯದ ಮಟ್ಟದ ಅನುಮಾನ ಪಡಬೇಕು! ನಿಯಮಕ್ಕೆ ಅವಳು ಸ್ವತಂತ್ರ ವ್ಯಕ್ತಿ, ಹಾಸ್ಟೆಲ್ಲಿಗೆ ಅವಳು ವಿಧೇಯ ವಿದ್ಯಾರ್ಥಿ. ಎರಡೂ ಒಟ್ಟಿಗೆ ಆಗುವುದು ಹೇಗೆ?

ಡಬ್ಬಿಯೊಳಗೇನಿದೆ?

ಡಬ್ಬಿಯಲ್ಲಿ ಇರಬಾರದ್ದು ಇರುತ್ತೆ ಅನ್ನೋದು ಬರೀ ನೆಪ ಅಲ್ಲ. ಕಲೋನಿನ ಅದೇ ಪ್ರಯೋಗಾಲಯದವರು 2000-01ರಲ್ಲಿ 13 ದೇಶಗಳಿಂದ 634 ಪೂರಕ ಆಹಾರಗಳನ್ನು ಕೊಂಡು ಪರೀಕ್ಷಿಸಿದರು. 94ರಲ್ಲಿ, ಅಂದರೆ ನೂರಕ್ಕೆ ಹದಿನೈದರಷ್ಟರಲ್ಲಿ, ಲೇಬಲ್ ಮೇಲೆ ಹೇಳದ ಸ್ಟೆರಾಯ್ಡ್ ಸಂಬಂಧಿ ವಸ್ತುಗಳಿದ್ದವು. ಕೆಲವನ್ನು ಬೇಕೆಂದೇ ಬೆರೆಸಿರಬಹುದು, ಕೆಲವು ಒಂದೇ ಯಂತ್ರದಲ್ಲಿ ಎರಡು ಸರಕು ಪುಡಿ ಮಾಡಿದ್ದರಿಂದ ಆಗಿರಬಹುದು. ಮನೆಯ ಮಿಕ್ಸಿಯಲ್ಲಿ ಖಾರದ ಪುಡಿ ಮಾಡಿ, ಸರಿಯಾಗಿ ತೊಳೆಯದೆ ಸಕ್ಕರೆ ಪುಡಿ ಮಾಡಿದ ಹಾಗೆ!

ಅತ್ತ ಯಂತ್ರ ವರ್ಷದಿಂದ ವರ್ಷಕ್ಕೆ ಚೂಪಾಗುತ್ತಿದೆ. ಈಗ ಅದು ಒಂದು ಮಿಲಿಲೀಟರಿನಲ್ಲಿ ನ್ಯಾನೊಗ್ರಾಮಿಗಿಂತಲೂ ಕಡಿಮೆ ಹಿಡಿಯಬಲ್ಲದು. ನ್ಯಾನೊಗ್ರಾಂ ಅಂದರೆ ಒಂದು ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲು. ಸ್ಯಾಂಪಲ್ಲುಗಳನ್ನು ಹತ್ತು ವರ್ಷ ಕಾಪಿಟ್ಟು ಹೊಸ ವಿಧಾನ ಬಂದಾಗ ಮತ್ತೆ ನೋಡಬಹುದು. 2008, 2012ರ ಒಲಿಂಪಿಕ್ಸ್ ಬಾಟಲಿಗಳನ್ನು ಹೀಗೆ ಮರುಪರೀಕ್ಷೆ ಮಾಡಿಯೇ ಎಷ್ಟೋ ಜನರ ಪದಕ ಕಿತ್ತುಕೊಂಡರು. ಮೋಸಗಾರರಿಗೆ ಇದು ಕೆಟ್ಟ ಸುದ್ದಿ, ಒಳ್ಳೆಯದೇ. ಆದರೆ ಯಂತ್ರ ಚೂಪಾದಷ್ಟೂ, ಮಿಕ್ಸಿಯ ಅಂಚಿನ ಖಾರದ ಪುಡಿಯೂ ಕಾಣತೊಡಗುತ್ತದೆ. 'ಏನು' ಅನ್ನೋದಕ್ಕೆ ಉತ್ತರ ನಿಖರವಾದಷ್ಟೂ, 'ಹೇಗೆ' ಅನ್ನೋದಕ್ಕೆ ಉತ್ತರ ಹುಡುಕುವುದು ಕಷ್ಟವಾಗುತ್ತ ಹೋಗಿದೆ.

ಮಂಗಳೂರಿನ ಎಂ.ಆರ್. ಪೂವಮ್ಮ ಅವರ ಪ್ರಕರಣವೂ ಅದೇ ಮೆಟ್ಟಿಲು ಹತ್ತಿತು. 2014, 2018ರ ಏಷ್ಯನ್ ಗೇಮ್ಸ್ ರಿಲೇ ಚಿನ್ನದ ಓಟಗಾರ್ತಿ. 2021ರ ಫೆಬ್ರವರಿಯಲ್ಲಿ ಪಟಿಯಾಲದಲ್ಲಿ ಕೊಟ್ಟ ಸ್ಯಾಂಪಲ್ಲಿನಲ್ಲಿ ಮಿಥೈಲ್‌ಹೆಕ್ಸನಮೀನ್ ಸಿಕ್ಕಿತು. 1940ರ ದಶಕದಲ್ಲಿ ಮೂಗು ಕಟ್ಟಿದ್ದಕ್ಕೆ ಅಂತ ಹುಟ್ಟಿದ ಮದ್ದು ಇದು. ಆಮೇಲೆ ಜಿಮ್ ಪೂರಕಗಳಲ್ಲಿ 'ಜೆರೇನಿಯಂ ಸಾರ' ಅನ್ನೋ ಮುದ್ದಾದ ಹೆಸರಿನಲ್ಲಿ ಮತ್ತೆ ತಲೆ ಎತ್ತಿತು. ಮೊದಲ ಮಂಡಳಿ ಮೂರು ತಿಂಗಳ ನಿಷೇಧ ಹಾಕಿತು, 2022ರಲ್ಲಿ ಮೇಲ್ಮನವಿ ಮಂಡಳಿ ಎರಡು ವರ್ಷ ಮಾಡಿತು. ಕ್ರಿಕೆಟಿಗ ಪೃಥ್ವಿ ಶಾ 2019ರಲ್ಲಿ ಸಿಕ್ಕಿಬಿದ್ದದ್ದು ಟರ್ಬುಟಲಿನ್‌ಗೆ, ಕೆಮ್ಮಿನ ಸಿರಪ್ಪುಗಳಲ್ಲಿ ಇರುವಂಥದ್ದು. ಅದು ಸ್ಟೆರಾಯ್ಡಿನಷ್ಟು ಗಂಭೀರ ಪಟ್ಟಿಯದ್ದಲ್ಲ ನಿಜ. ಎಂಟು ತಿಂಗಳ ಶಿಕ್ಷೆ, ಅದೂ ಹಿಂದಿನ ದಿನಾಂಕದಿಂದ. ಆಗ ಕ್ರಿಕೆಟಿಗರ ಪರೀಕ್ಷೆ ಮಂಡಳಿಯದ್ದೇ ಆಗಿತ್ತು, ಅದೇ ವರ್ಷದ ಆಗಸ್ಟಿನಲ್ಲಿ ಕ್ರಿಕೆಟ್ ಕೂಡ ನಾಡಾ ಕೆಳಗೆ ಬಂತು.

ಪರೀಕ್ಷೆ ಮಾಡುವವರಿಗೂ ಪರೀಕ್ಷೆ ಇದೆ ಅನ್ನೋದೂ ಗೊತ್ತಿರಲಿ. ದೆಹಲಿಯ ನಮ್ಮ ರಾಷ್ಟ್ರೀಯ ಪ್ರಯೋಗಾಲಯವನ್ನು ವಿಶ್ವ ಸಂಸ್ಥೆ ವಾಡಾ 2019ರ ಆಗಸ್ಟಿನಲ್ಲಿ ಅಮಾನತು ಮಾಡಿತ್ತು. ಡಿಸೆಂಬರ್ 2021ರಲ್ಲಿ ಮಾನ್ಯತೆ ಮರಳುವ ತನಕ ನಮ್ಮವರ ಬಾಟಲಿಗಳು ವಿದೇಶಕ್ಕೆ ಹೋಗಬೇಕಾಯಿತು. 2022ರಲ್ಲಿ ಸಂಸತ್ತು ಪ್ರತ್ಯೇಕ ಕಾನೂನನ್ನೇ ಮಾಡಿತು. 2023ರಲ್ಲಿ ಭಾರತದ 5,606 ಸ್ಯಾಂಪಲ್ಲುಗಳಲ್ಲಿ ಶೇಕಡಾ 3.8ರಷ್ಟು ಮದ್ದು ತೋರಿಸಿದವು. ಹೆಚ್ಚು ಪರೀಕ್ಷೆ ಮಾಡುವ ದೊಡ್ಡ ದೇಶಗಳ ನಡುವೆ ಇದು ತಲೆ ತಗ್ಗಿಸುವ ಅಂಕೆ.

ಇಷ್ಟು ಓದಿದ ಮೇಲೆ ನನಗನ್ನಿಸುವುದು ಇಷ್ಟು. ಬಾಟಲಿಗೆ ಏನಿದೆ ಅಂತ ಗೊತ್ತು, ಯಾರು ಕೊಟ್ಟರು ಅಂತ ಗೊತ್ತಿಲ್ಲ, ಎಂದೂ ಗೊತ್ತಾಗುವುದೂ ಇಲ್ಲ. ಆ ಕೆಲಸ ಯಂತ್ರದ್ದಲ್ಲ, ಕಾಗದದ್ದು. ಶಿಬಿರದಲ್ಲಿ, ಹಾಸ್ಟೆಲ್ಲಿನಲ್ಲಿ, ಜಿಮ್ಮಿನಲ್ಲಿ ಯಾರು ಯಾವ ಡಬ್ಬಿ ಯಾರಿಗೆ ಯಾವತ್ತು ಕೊಟ್ಟರು ಅಂತ ಒಂದು ಪುಸ್ತಕದಲ್ಲಿ ಬರೆದು, ಕೊಟ್ಟವರೇ ಸಹಿ ಹಾಕುವಂತಾದರೆ ಅರ್ಧ ಜಗಳ ಮುಗಿಯುತ್ತೆ. ಸ್ಯಾಂಪಲ್ ಬಾಟಲಿಗೆ ಎ, ಬಿ ಅಂತ ಎರಡು ಪಾಲು, ನಂಬರು, ಸೀಲು, ಸಾಕ್ಷಿ ಎಲ್ಲ ಇದೆ. ಬಾಯಿಗೆ ಹೋಗುವ ಡಬ್ಬಿಗೆ ಅದರ ಹತ್ತರಲ್ಲೊಂದು ಪಾಲಾದರೂ ಶಿಸ್ತು ಬೇಡವೇ?

ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಓಡುವ, ಎತ್ತುವ, ಕುಸ್ತಿ ಆಡುವ ಮಕ್ಕಳಿದ್ದರೆ ದಯವಿಟ್ಟು ಇಷ್ಟು ಹೇಳಿ. ಕೆಮ್ಮಿಗೆ ಔಷಧಿ ಬರೆಯುವ ಡಾಕ್ಟರಿಗೆ ತಾನು ಕ್ರೀಡಾಪಟು ಅಂತ ಮೊದಲೇ ತಿಳಿಸಲಿ. ತಿಂದ ಡಬ್ಬಿಯ ಲೇಬಲ್, ಬ್ಯಾಚ್ ನಂಬರ್ ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಲಿ, ಬಿಲ್ಲು ಎಸೆಯದಿರಲಿ, ಸಾಧ್ಯವಾದರೆ ತಿಂದದ್ದರಲ್ಲೇ ಒಂದಿಷ್ಟು ತೆಗೆದಿಡಲಿ. ಯಾರೇ ಕೊಡಲಿ, ಎಷ್ಟೇ ದೊಡ್ಡ ಕೋಚ್ ಕೊಡಲಿ, 'ಇದೇನು ಸಾರ್?' ಅಂತ ಕೇಳಲಿ. ಕೇಳಿದ್ದಕ್ಕೆ ಬೈದರೆ, ಆ ಡಬ್ಬಿಯನ್ನು ಮುಟ್ಟದಿರಲಿ.